ತುಟಿಯ ಹಿಂದಿನ ಹಲ್ಲು

ಆಗಸ್ಟ್ 19, ಮಂಗಳವಾರ

ಇವತ್ತಿನಿಂದ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಯಾರ ಹತ್ತಿರವಾದರೂ ಹೇಳಿಕೊಂಡರೆ ಒಂದೋ ಕೂಡಲೇ ಜಪಮಾಲೆ ಹಿಡಿಯುತ್ತಾರೆ, ಇಲ್ಲವಾದರೆ ತಮ್ಮ ಅತ್ತೆಗೂ ಹೀಗೇ ಆಗಿತ್ತು ಎಂದು ಶುರು ಮಾಡುತ್ತಾರೆ. ನೋಟ್‌ಬುಕ್ಕಿಗೆ ಅತ್ತೆ ಇಲ್ಲ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೃದಯದ ಎಕೋ ಸ್ಕ್ಯಾನ್ ಮಾಡಿದರು. ಶಾಲೆಗೆ ಅರ್ಧ ದಿನ ರಜೆ ಹಾಕಿದ್ದೆ, ಇಡೀ ದಿನ ಹೋಯಿತು. ಹೃದಯದ ಡಾಕ್ಟರು ನನಗಿಂತ ಹೆಚ್ಚೆಂದರೆ ಹತ್ತು ವರ್ಷ ದೊಡ್ಡವರು. ಪರದೆಯ ಮೇಲೆ ಪೆನ್ನು ಇಟ್ಟು ತೋರಿಸಿದರು.

"ನೋಡಿ ಏವ್ರಿಲ್, ರಕ್ತ ಇಲ್ಲಿಂದ ಹೊರಗೆ ಹೋಗ್ಬೇಕು. ಹೋದದ್ದರಲ್ಲಿ ಅರ್ಧ ವಾಪಸ್ ಬರ್ತಾ ಉಂಟು. ವಾಲ್ವ್ ಸರಿ ಮುಚ್ಚುದೇ ಇಲ್ಲ. ಹೃದಯ ದೊಡ್ಡದಾಗಿದೆ. ಇನ್ನು ಕಾಯ್ಲಿಕ್ಕೆ ಆಗುದಿಲ್ಲ, ವಾಲ್ವ್ ಬದಲಿಸ್ಬೇಕು."

"ನನ್ನ ಜ್ವರ ಗುಣ ಆಗಿ ಹದಿನಾಲ್ಕು ತಿಂಗಳು ಆಯ್ತಲ್ಲ ಡಾಕ್ಟ್ರೆ?"

"ಜ್ವರ ಗುಣ ಆಯ್ತು. ಅದು ತಿಂದು ಹೋದ ವಾಲ್ವ್ ಗುಣ ಆಗ್ಲಿಲ್ಲ. ಆರು ತಿಂಗಳಿಗೊಮ್ಮೆ ಬನ್ನಿ ಅಂತ ಹೇಳಿದ್ದೆ. ನೀವು ಬಂದದ್ದು ಒಂದೇ ಸಲ."

ಒಂಬತ್ತನೇ ತರಗತಿಯವರಿಗೆ ಬಯ್ಯುವ ದನಿ ಅದು. ನಾನು ಉರ್ವದ ಶಾಲೆಯಲ್ಲಿ ಒಂಬತ್ತನೆಯವರಿಗೆ ಕನ್ನಡ ಕಲಿಸುವವಳು, ನನಗೆ ಗೊತ್ತಾಗುತ್ತದೆ.

ಕಳೆದ ವರ್ಷದ್ದನ್ನೂ ಬರೆದುಬಿಡುತ್ತೇನೆ. ಏಪ್ರಿಲ್‌ನಲ್ಲಿ ಜ್ವರ ಬಂತು. ಮಂಗಳೂರಿನಲ್ಲಿ ಜ್ವರ ಬಂದರೆ ಮಲೇರಿಯಾ ಎಂದು ಮನೆಯವರೇ ನಿರ್ಧರಿಸುತ್ತಾರೆ. ಮೂರು ಸಲ ರಕ್ತ ಕೊಟ್ಟೆ, ಮೂರು ಸಲವೂ ಮಲೇರಿಯಾ ಇಲ್ಲ. ನಾಲ್ಕನೇ ವಾರ ನಿಜ ಗೊತ್ತಾಯಿತು. ನನ್ನ ಮೇಲಿನ ಎದುರು ಹಲ್ಲಿನ ಬೇರಿನಲ್ಲಿ ಕೀವು, ಆ ಕೀವಿನ ರೋಗಾಣು ರಕ್ತಕ್ಕೆ ಇಳಿದು, ಹುಟ್ಟಿನಿಂದಲೇ ಸ್ವಲ್ಪ ಊನವಿದ್ದ ನನ್ನ ವಾಲ್ವಿನ ಮೇಲೆ ಹೋಗಿ ಕೂತಿತ್ತು. ಆರು ವಾರ ಆಸ್ಪತ್ರೆಯಲ್ಲಿ ಮಲಗಿ ಇಂಜೆಕ್ಷನ್ ತೆಗೆದುಕೊಂಡೆ.

ಆ ಹಲ್ಲು ಇನ್ನೂ ಬಾಯಲ್ಲಿ ಉಂಟು. ಕಾಲೇಜಿನಲ್ಲಿದ್ದಾಗ ಸ್ಕೂಟರಿನಿಂದ ಬಿದ್ದು ಬೇರು ಬಿರುಕು ಬಿಟ್ಟಿದ್ದು, ತೆಗೆಯದೆ ಬೇರೆ ದಾರಿ ಇಲ್ಲ ಎಂದು ಹಲ್ಲಿನ ಡಾಕ್ಟರ್ ನವಾಝ್ ಜ್ವರಕ್ಕಿಂತ ಮೊದಲೇ ಹೇಳಿದ್ದರು. ಆದರೆ ನಾನು ಪಪ್ಪನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವಳು. ಟ್ರಂಪೆಟ್ ತುಟಿಯ ಮೇಲೆ ನಿಲ್ಲುತ್ತದೆ, ತುಟಿ ಆ ಹಲ್ಲಿನ ಮೇಲೆ ನಿಲ್ಲುತ್ತದೆ. ಎದುರು ಹಲ್ಲು ಹೋದ ಮೇಲೆ ಯಾರೂ ಮೊದಲಿನ ಹಾಗೆ ಊದಿದ್ದನ್ನು ನಾನು ಕೇಳಿಲ್ಲ. "ಸೀಸನ್ ಮುಗಿಯಲಿ" ಎಂದಿದ್ದರು ಪಪ್ಪ. ಮದುವೆ, ಚರ್ಚಿನ ಹಬ್ಬ, ಮರಣ, ಬ್ಯಾಂಡಿನವರಿಗೆ ಸೀಸನ್ ಎಲ್ಲಿ ಮುಗಿಯುತ್ತದೆ? ಆಸ್ಪತ್ರೆಯಿಂದ ಬಿಡುವಾಗಲೂ ಹಲ್ಲು ತೆಗೆಸಿ ಎಂದರು. ಮುಂದಿನ ತಪಾಸಣೆಯಲ್ಲಿ ಹೃದಯದ ಡಾಕ್ಟರಿಗೆ, ತೆಗೆಸಲಿಕ್ಕಿಲ್ಲ, ಬೇರಿನ ಚಿಕಿತ್ಸೆ ಆಯಿತು, ಎಲ್ಲ ಸರಿ ಉಂಟು ಎಂದುಬಿಟ್ಟೆ. ಸುಳ್ಳು.

ಇವತ್ತು ಡಾಕ್ಟರು ಕೊನೆಗೆ ಹೇಳಿದ್ದು ಇಷ್ಟು: "ಹಲ್ಲಿನ ಡಾಕ್ಟರಿಂದ ಪತ್ರ ತನ್ನಿ. ಬಾಯಲ್ಲಿ ಕೀವು ಇಟ್ಕೊಂಡು ಹೊಸ ವಾಲ್ವ್ ಹಾಕ್ಲಿಕ್ಕೆ ಇಲ್ಲ."

ಅಂದರೆ ಹಲ್ಲು ತೆಗೆಯದೆ ಆಪರೇಷನ್ ಇಲ್ಲ. ಹಲ್ಲು ತೆಗೆದರೆ ಟ್ರಂಪೆಟ್ ಇಲ್ಲ. ಮನೆಯಲ್ಲಿ "ಮಾತ್ರೆ ಬದಲಿಸಿದ್ದಾರೆ" ಎಂದಷ್ಟೇ ಹೇಳಿದೆ.

ಆಗಸ್ಟ್ 24, ಆದಿತ್ಯವಾರ

ಮೈ ಉರಿಯುತ್ತಿದೆ. ನನ್ನನ್ನು ಎರಡನೇ ಟ್ರಂಪೆಟಿಗೆ ಇಳಿಸಿದ್ದಾರೆ.

ನಮ್ಮದು ಹನ್ನೊಂದು ಜನರ ಬ್ಯಾಂಡ್. ಆದಿತ್ಯವಾರ ಪೂಜೆ ಮುಗಿಸಿ ಎಲ್ಲರೂ ಮಣ್ಣಗುಡ್ಡದ ನಮ್ಮ ಮನೆಗೆ ಬರುತ್ತಾರೆ, ಮಮ್ಮಿ ಚಾ ಮಾಡುತ್ತಾಳೆ, ಹಾಲ್‌ನಲ್ಲಿ ಪ್ರಾಕ್ಟೀಸ್. ಬೇರೆ ಬ್ಯಾಂಡಿನವರು ಮೊಬೈಲಿನಲ್ಲಿ ನೋಡಿ ಊದುತ್ತಾರೆ. ನಮ್ಮಲ್ಲಿ ಇವತ್ತಿಗೂ ಪಪ್ಪ ಪ್ರತಿಯೊಬ್ಬರು ಊದಬೇಕಾದ ಪಾರ್ಟನ್ನು ಕೈಯಿಂದ ಬರೆದು ಕೊಡುವುದು. ಇವತ್ತು ಕೊಟ್ಟ ಹಾಳೆಯಲ್ಲಿ ನನ್ನ ಎಂಟು ಬಾರ್, ಎಂಟು ತಾಳದಷ್ಟು ಉದ್ದದ ಮುಖ್ಯ ರಾಗ, ಮಾಯ. ಅದು ನನ್ನ ತಮ್ಮ ಗೇವಿನ್‌ನ ಸ್ಯಾಕ್ಸೊಫೋನಿಗೆ ಹೋಗಿದೆ. ನನ್ನ ಪಾಲಿಗೆ ಬರೀ ರೆಸ್ಟ್. ಎರಡು ಬಾರ್ ಊದು, ಒಂದು ಬಾರ್ ಸುಮ್ಮನಿರು, ಮತ್ತೆ ಎರಡು ಊದು.

"ಇದೆಂತ ಪಪ್ಪ?"

"ಬ್ಯಾಲೆನ್ಸ್ ಆಗ್ಲಿಕ್ಕೆ."

"ಯಾರ ಬ್ಯಾಲೆನ್ಸ್?"

ಪಪ್ಪ ಕನ್ನಡಕ ಒರೆಸಿಕೊಂಡರು. ಉತ್ತರ ಬೇಡವಾದಾಗ ಅವರಿಗೆ ಕನ್ನಡಕ ಕೊಳೆಯಾಗುತ್ತದೆ. ಕ್ಲಾರಿನೆಟ್ಟಿನ ಇಸಿದೋರ್ ಅಂಕಲ್ "ಕೊಟ್ಟದ್ದು ಊದು ಬಾಯೆ" ಎಂದರು. ಅವರಿಗೆ ನಾನು ಯಾವಾಗಲೂ ಬಾಯೆ, ಅಂದರೆ ಮಗಳು. ಎಪ್ಪತ್ತೊಂದು ವರ್ಷ ಅವರಿಗೆ, ಅಜ್ಜನ ಕಾಲದಿಂದ ಬ್ಯಾಂಡಿನಲ್ಲಿದ್ದಾರೆ, ಅವರಿಗೆ ತಿರುಗಿ ಮಾತಾಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಹತ್ತನೇ ವಯಸ್ಸಿನಿಂದ ಊದುತ್ತಿದ್ದೇನೆ, ಗೇವಿನ್‌ಗೆ ಇನ್ನೂ ತಾಳ ಸರಿ ನಿಲ್ಲುವುದಿಲ್ಲ, ಇದು ಅನ್ಯಾಯ.

ಮೇಲಿನ ಸ್ವರ ಇತ್ತೀಚೆಗೆ ಸ್ವಲ್ಪ ನಡುಗುತ್ತದೆ, ಒಪ್ಪುತ್ತೇನೆ. ತುಟಿಗಿಡುವ ಹೊಸ ಮೌತ್‌ಪೀಸಿನ ದೋಷ. ಬದಲಿಸಬೇಕು.

ಸೆಪ್ಟೆಂಬರ್ 8, ಸೋಮವಾರ

ಮೊಂತಿ ಹಬ್ಬ. ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಎಸೆಯುತ್ತಾ, ಹೊಸ ಭತ್ತದ ತೆನೆ ಹಿಡಿದುಕೊಂಡು ಚರ್ಚಿಗೆ ಮೆರವಣಿಗೆ. ಮುಂದೆ ನಮ್ಮ ಬ್ಯಾಂಡ್. ಏರು ಶುರುವಾದಲ್ಲಿ ನನಗೆ ಉಸಿರು ಸಾಲಲಿಲ್ಲ. ಬೆರಳಿನಿಂದ ಒತ್ತುವ ಪಿಸ್ಟನ್ ಸಿಕ್ಕಿಕೊಂಡ ಹಾಗೆ ನಾಟಕ ಮಾಡಿ ಟ್ರಂಪೆಟನ್ನು ಎರಡು ಸಲ ಕೊಡವಿದೆ, ಮೂರನೇ ಸಲ ನಿಂತೇಬಿಟ್ಟೆ. ವಿಪರೀತ ಸೆಕೆ ಬೇರೆ. ಮಳೆ ಬಿಟ್ಟ ಕೂಡಲೇ ಈ ಊರಿನ ಗಾಳಿಯಲ್ಲಿ ಗಾಳಿಯೇ ಇರುವುದಿಲ್ಲ.

ಪಪ್ಪ ಹಿಂದೆ ತಿರುಗಿ ನೋಡಲಿಲ್ಲ. ಆದರೆ ಬ್ಯಾಂಡಿನ ಹೆಜ್ಜೆ ನಿಧಾನವಾಯಿತು. ಫಾದರ್ ಮುಂದೆ ಹೋದರು, ಬ್ಯಾಂಡ್ ಹಿಂದೆ ಉಳಿಯಿತು. ಪಪ್ಪನಿಗೂ ವಯಸ್ಸಾಯಿತು, ತಾಳ ಎಳೆಯುತ್ತಾರೆ.

ಮಧ್ಯಾಹ್ನ ಹೊಸ ಅಕ್ಕಿಯ ಪಾಯಸ, ಒಂಬತ್ತು ಬಗೆ ತರಕಾರಿ. ತಿನ್ನಲು ಮನಸ್ಸಾಗಲಿಲ್ಲ, ಹೊಟ್ಟೆ ತುಂಬಿದ ಹಾಗೆ.

ಸೆಪ್ಟೆಂಬರ್ 17, ಬುಧವಾರ

ಒಂಬತ್ತು 'ಬಿ'ಯನ್ನು ಮೇಲಿನ ಮಾಳಿಗೆಗೆ ಹಾಕಿದ ಮುಖ್ಯೋಪಾಧ್ಯಾಯರಿಗೆ ಬುದ್ಧಿ ಇಲ್ಲ. ಮೆಟ್ಟಿಲು ಹತ್ತಿ ಹಾಜರಿ ಕರೆಯುವಷ್ಟರಲ್ಲಿ ಮಾತು ನಿಲ್ಲುತ್ತದೆ. ಸಂಜೆ ಚಪ್ಪಲಿಯ ಬಾರು ಕಾಲನ್ನು ಕೊರೆದಿತ್ತು. ಆನ್‌ಲೈನಿನಲ್ಲಿ ತರಿಸಿದ್ದು, ಅಳತೆ ಸರಿ ಇಲ್ಲ.

ಮೂರು ದಿಂಬು ಇಟ್ಟುಕೊಂಡು ಒರಗಿದರೆ ಆರಾಮ. ಎಡಕ್ಕೆ ಹೊರಳಿದರೆ ಎದೆ ಬಡಿತ ದಿಂಬಿನಲ್ಲೇ ಕೇಳಿಸುತ್ತದೆ. ಮಮ್ಮಿ ಬೀರುವಿನಿಂದ ನಾಲ್ಕನೇ ದಿಂಬು ತೆಗೆದು ಕೊಟ್ಟಳು.

ಸೆಪ್ಟೆಂಬರ್ 30, ಮಂಗಳವಾರ

ದಸರಾ ರಜೆ. ಡಾ. ನವಾಝ್ ಹತ್ತಿರ ಹೋದೆ. ಹೋದದ್ದಕ್ಕೆ ನನಗೆ ಯಾರಾದರೂ ಶಾಲು ಹೊದಿಸಬೇಕು. ಕುರ್ಚಿಯ ಮೇಲೆ ಮಲಗಿದ್ದೂ ಆಯಿತು. ಮೇಲಿನ ದೀಪ ಹಾಕಿದಾಗ ಎದ್ದು ಕೂತೆ.

"ನೀವು ಎರಡು ವರ್ಷದಿಂದ ಹೀಗೇ ಎದ್ದು ಹೋಗುದು ಏವ್ರಿಲ್. ಈಗ ಎಂತ?"

"ತೆಗೆದ ಜಾಗಕ್ಕೆ ಬೇರೆ ಹಲ್ಲು ಕಟ್ಟಿದರೆ ಟ್ರಂಪೆಟ್ ಊದ್ಲಿಕ್ಕೆ ಆಗ್ತದಾ ಡಾಕ್ಟ್ರೆ? ಸರಿಯಾಗಿ, ಮೊದಲಿನ ಹಾಗೆ?"

"ತಿನ್ಲಿಕ್ಕೆ ಆಗ್ತದೆ, ನಗ್ಲಿಕ್ಕೆ ಆಗ್ತದೆ. ಊದುದು ನನಗೆ ಗೊತ್ತಿಲ್ಲ, ಸುಳ್ಳು ಹೇಳುದಿಲ್ಲ. ಊದುವವರ ಹತ್ರ ಕೇಳಿ. ನಿಮ್ಮ ತಂದೆಯೇ ಇದ್ದಾರಲ್ಲ."

ಮನೆಗೆ ಬಂದು ಕೇಳಿದೆ. ಆಪರೇಷನ್ನಿನ ಮಾತನ್ನೂ ಆಗಲೇ ಹೇಳಬೇಕಾಯಿತು. ಮಮ್ಮಿ ಹೊಲಿಯುತ್ತಿದ್ದ ಬಿಳಿ ಫ್ರಾಕನ್ನು ಮಡಿಲಿಗೆ ಹಾಕಿಕೊಂಡು ಪಪ್ಪನನ್ನು ನೋಡಿದಳು.

"ಹೇಳಿ ಝೇವಿಯರ್" ಎಂದಳು.

ಪಪ್ಪ ಕನ್ನಡಕ ತೆಗೆದರು. ಒರೆಸಲಿಲ್ಲ. "ಕಷ್ಟ" ಎಂದರು, "ತುಂಬಾ ಕಷ್ಟ." ಎದ್ದು ಅಂಗಳಕ್ಕೆ ಹೋದರು.

ಆಯಿತಲ್ಲ. ನಲವತ್ತು ವರ್ಷ ಊದಿದವರೇ ಕಷ್ಟ ಎಂದ ಮೇಲೆ ಮಾತು ಮುಗಿಯಿತು. ಮದುವೆಯ ಸೀಸನ್ ಒಂದು ಆಗಲಿ, ಆಮೇಲೆ ನೋಡುವ.

ಅಕ್ಟೋಬರ್ 17, ಶುಕ್ರವಾರ, ಆಸ್ಪತ್ರೆ

ಇವತ್ತು ಪೆನ್ನು ಹಿಡಿಯಲು ಆಗುತ್ತಿದೆ.

ಬುಧವಾರ ಸುರತ್ಕಲ್‌ನಲ್ಲಿ ಒಂದು ಮದುವೆ. ವಧೂವರರು ಹಾಲ್‌ಗೆ ಬರುವಾಗ ಗ್ರ್ಯಾಂಡ್ ಮಾರ್ಚ್. ಪಪ್ಪ ಕೊಟ್ಟ ಹಾಳೆಯಲ್ಲಿ ರೆಸ್ಟ್ ಇನ್ನೂ ಹೆಚ್ಚಾಗಿತ್ತು, ಒಂದು ಬಾರ್ ಊದು, ಎರಡು ಬಾರ್ ಬಾಯಿ ಮುಚ್ಚು. ನಾನೇನು ಸಾಲು ತುಂಬಿಸಲು ಬಂದವಳಾ? ಹಾಳೆಯನ್ನು ಮಗುಚಿ ಇಟ್ಟು, ನೆನಪಿನಿಂದ ಹಳೆಯ ಫಸ್ಟ್ ಟ್ರಂಪೆಟ್ ಪಾರ್ಟನ್ನೇ ಊದಿದೆ. ಹದಿನಾರು ಬಾರ್ ಚೆನ್ನಾಗಿತ್ತು. ನಿಜವಾಗಿಯೂ ಚೆನ್ನಾಗಿತ್ತು, ಜನ ತಿರುಗಿ ನೋಡಿದರು. ಆಮೇಲೆ ಎಳೆದುಕೊಂಡ ಉಸಿರು ಒಳಗೆ ಹೋಗಲೇ ಇಲ್ಲ. ನೆಲದ ಟೈಲ್ಸ್ ಹತ್ತಿರ ಬಂದದ್ದು ನೆನಪುಂಟು.

ಪಪ್ಪ ಬ್ಯಾಂಡ್ ನಿಲ್ಲಿಸಿದರಂತೆ. ಬ್ಯಾಂಡಿನವನ ಅಪ್ಪ ಸತ್ತ ಸುದ್ದಿ ಬಂದರೂ ಗ್ರ್ಯಾಂಡ್ ಮಾರ್ಚ್ ನಿಲ್ಲಿಸುವ ಕ್ರಮ ಇಲ್ಲ. ಮದುಮಗಳು ಅರ್ಧ ದಾರಿಯಲ್ಲಿ ನಿಂತಳು ಎಂದು ಗೇವಿನ್ ಹೇಳಿದ. ಮೌತ್‌ಪೀಸ್ ಜೇಬಿಗೆ ಹಾಕಿ ಪಪ್ಪ ನನ್ನನ್ನು ಎತ್ತಿಕೊಂಡು ಕಾರಿಗೆ ಓಡಿದರಂತೆ.

ಶ್ವಾಸಕೋಶಕ್ಕೆ ನೀರು ಬಂದಿತ್ತು. ಇಂಜೆಕ್ಷನ್ ಕೊಟ್ಟು ಇಳಿಸಿದ್ದಾರೆ. ಡಾಕ್ಟರು ಈ ಸಲ ಬಯ್ಯಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. "ಇನ್ನೊಮ್ಮೆ ಹೀಗೆ ಆದ್ರೆ ನಾನು ಮಾತು ಕೊಡುದಿಲ್ಲ" ಎಂದಷ್ಟೇ ಹೇಳಿದರು.

ಮಧ್ಯಾಹ್ನ ಇಸಿದೋರ್ ಅಂಕಲ್ ಬಂದರು. ಮುಸುಂಬಿ ತಂದು, ಅವರೇ ಸುಲಿದು, ಅವರೇ ತಿಂದರು.

"ಕೊಟ್ಟ ಪಾರ್ಟ್ ಊದ್ಬೇಕಿತ್ತು ಬಾಯೆ. ನಿನ್ನ ಪಪ್ಪ ಎಷ್ಟು ಸಲ ನಿನ್ನ ಬಾಗಿಲ ಹತ್ರ ನಿಂತು ಕೇಳಿ ಬರ್ದದ್ದು ಗೊತ್ತುಂಟಾ? ನಿನ್ನ ಉಸಿರು ಎಷ್ಟು ಬಾರ್ ಬರ್ತದೆ ಅಂತ ಲೆಕ್ಕ ಹಾಕಿ, ಅಲ್ಲಿ ರೆಸ್ಟ್ ಹಾಕ್ತಿದ್ದ. ವಾರಕ್ಕೆ ವಾರಕ್ಕೆ ಕಡಿಮೆ ಆಗ್ತಾ ಉಂಟು ಅಂತ ನನ್ನ ಹತ್ರ ಹೇಳಿ ಕಣ್ಣೀರು ಹಾಕಿ ಕೂಗಿದ್ದಾನೆ."

ನಾನು ಗೋಡೆ ಕಡೆ ಮುಖ ತಿರುಗಿಸಿದೆ. ಅಂಕಲ್ ಸಮಾಧಾನ ಮಾಡಲು ಹೋದರು.

"ಹಲ್ಲು ಹೋದ್ರೆ ಹೋಗ್ಲಿ ಮಾರಾಯ್ತಿ. ನಿನ್ನ ಪಪ್ಪನದ್ದು ಮೂರು ಎದುರು ಹಲ್ಲು ಕಟ್ಟಿಸಿದ್ದೇ ಅಲ್ವಾ? ಇಪ್ಪತ್ತೈದು ವರ್ಷ ಆಯ್ತು, ಊದುದಿಲ್ವಾ ಅವ?"

ನನ್ನ ಮುಖ ನೋಡಿ ಅವರ ಕೈ ಮುಸುಂಬಿಯ ಮೇಲೇ ನಿಂತಿತು. "ನಿನಗೆ ಗೊತ್ತಿಲ್ವಾ?" ಎಂದರು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಅಕ್ಟೋಬರ್ 18, ಶನಿವಾರ

ನಾನು ಇದನ್ನು ಪೂರ್ತಿ ಬರೆಯಬೇಕು, ಇಲ್ಲವಾದರೆ ನಿದ್ದೆ ಬರುವುದಿಲ್ಲ.

ಪಪ್ಪ ಬೆಳಿಗ್ಗೆ ಗಂಜಿ ತಂದರು. ನಾನು ನೇರವಾಗಿ ಕೇಳಿದೆ. ಕನ್ನಡಕಕ್ಕೆ ಕೈ ಹೋಯಿತು. "ಅದನ್ನು ಮುಟ್ಟಬೇಡಿ" ಎಂದೆ.

ನಾನು ಹುಟ್ಟಿದ ವರ್ಷವಂತೆ. ಯಾವುದೋ ಚರ್ಚಿನ ಹಬ್ಬ, ವೇದಿಕೆಯ ಮೆಟ್ಟಿಲಿನಲ್ಲಿ ಕಾಲು ಜಾರಿ, ಟ್ರಂಪೆಟ್ ಬಾಯಿಗೇ ಹೊಡೆದು ಮೂರು ಹಲ್ಲು ಹೋಯಿತು. ಹಲ್ಲು ಕಟ್ಟಿಸಿದರೂ ಸ್ವರ ಬರಲಿಲ್ಲ. ಎರಡು ವರ್ಷ ಬರಲಿಲ್ಲ. ಊರಿಗೆಲ್ಲ ಎದೆನೋವು, ಊದಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ಹೇಳಿ ಡ್ರಮ್ ಬಾರಿಸಿದರಂತೆ. ಬ್ಯಾಂಡಿನ ಅರ್ಧ ಜನ ಬೇರೆ ಕಡೆ ಹೋದರು. ಗೊತ್ತಿದ್ದದ್ದು ಮಮ್ಮಿಗೆ ಮತ್ತು ಇಸಿದೋರ್ ಅಂಕಲ್‌ಗೆ.

"ಎರಡು ವರ್ಷ ಆದ ಮೇಲೆ?"

"ಮೆಲ್ಲ ಬಂತು. ಮೌತ್‌ಪೀಸ್ ಸ್ವಲ್ಪ ಬಲಕ್ಕೆ ಇಟ್ಟೆ. ಮೊದಲಿನಿಂದ ಕಲಿತದ್ದು, ಮಗುವಿನ ಹಾಗೆ."

ಪಪ್ಪನ ಟ್ರಂಪೆಟ್ ಬಲಕ್ಕೆ ವಾಲುವುದನ್ನು ಇಷ್ಟು ವರ್ಷ ಸ್ಟೈಲ್ ಎಂದುಕೊಂಡಿದ್ದೆ.

"ಹಾಗಾದರೆ ಆಗ್ತದೆ ಅಂತ ನಿಮಗೆ ಗೊತ್ತಿತ್ತು. ನಾನು ಕೇಳಿದಾಗ ಕಷ್ಟ ಅಂದ್ರಿ. ಎರಡು ವರ್ಷ ಮೊದಲು ಸೀಸನ್ ಮುಗೀಲಿ ಅಂದ್ರಿ."

"ಆ ಎರಡು ವರ್ಷ ನಿನಗೆ ಬರ್ಬಾರ್ದು ಅಂತ ಇತ್ತು. ಹಲ್ಲು ಇಲ್ಲದ ಟ್ರಂಪೆಟ್‌ನವನನ್ನು ಜನ ಹೇಗೆ ನೋಡ್ತಾರೆ ಅಂತ ನಿನಗೆ ಗೊತ್ತಿಲ್ಲ."

"ಎರಡು ವರ್ಷ ಉಳಿಸ್ಲಿಕ್ಕೆ ಹೋಗಿ ನನ್ನ ವಾಲ್ವ್ ಹೋಯ್ತು ಪಪ್ಪ. ನೀವು ಅವತ್ತೇ ಒಂದು ಮಾತು ಹೇಳಿದ್ರೆ ನಾನು ಹಲ್ಲು ತೆಗೆಸ್ತಿದ್ದೆ. ಆ ಜ್ವರವೇ ಬರ್ತಿರ್ಲಿಲ್ಲ."

"ಹೌದು" ಎಂದರು ಪಪ್ಪ.

ಅಷ್ಟೇ. ಒಂದು ಸಬೂಬು ಹೇಳಲಿಲ್ಲ. ಹೇಳಿದ್ದರೆ ನನ್ನ ಹತ್ತಿರ ಉತ್ತರ ತಯಾರಿತ್ತು. ಈ ಮನುಷ್ಯನ ಜೊತೆ ಸರಿಯಾಗಿ ಜಗಳ ಮಾಡಲೂ ಆಗುವುದಿಲ್ಲ. ಡಾಕ್ಟರಿಗೆ ನಾನು ಹೇಳಿದ ಸುಳ್ಳು ನೆನಪಿಗೆ ಬಂತು. ಅದನ್ನು ಪಪ್ಪನಿಗೆ ಹೇಳಲಿಲ್ಲ, ಹೇಳಿದರೆ ತಪ್ಪು ಇಬ್ಬರದ್ದಾಗುತ್ತದೆ. ಸದ್ಯಕ್ಕೆ ಅವರದ್ದೇ ಇರಲಿ.

"ತೋರಿಸಿ" ಎಂದೆ.

ಅವರು ಬಾಗಿಲ ಕಡೆ ಬೆನ್ನು ಮಾಡಿ ಹಲ್ಲಿನ ಸೆಟ್ ತೆಗೆದರು. ತುಟಿ ಒಳಗೆ ಹೋಯಿತು. ನನ್ನ ಅಪ್ಪ ಒಮ್ಮೆಲೇ ಅಜ್ಜನಾದರು. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದು ನಾನು ಈ ಮುಖ ನೋಡಿರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು, ಯಾವುದು ಮೊದಲು ಎಂದು ಗೊತ್ತಾಗಲಿಲ್ಲ.

"ಮೇಲಿನ ಸಿ ಸ್ವರ ಬರ್ತದಾ ಇದರಲ್ಲಿ?" ಎಂದು ಕೇಳಿದೆ.

ಹಲ್ಲು ವಾಪಸ್ ಹಾಕಿಕೊಂಡು ಹೇಳಿದರು, "ಬರ್ತದೆ. ನೀನು ಕೇಳಿದ್ದೀಯಲ್ಲ."

ಅಕ್ಟೋಬರ್ 23, ಗುರುವಾರ

ತೆಗೆಸಿದೆ. ನನ್ನ ಹೃದಯಕ್ಕೆ ಆಸ್ಪತ್ರೆಯಲ್ಲೇ ಆಗಬೇಕೆಂದರು. ಒಂದು ಗಂಟೆ ಮೊದಲು ನಾಲ್ಕು ಕ್ಯಾಪ್ಸೂಲ್ ನುಂಗಿಸಿದರು, ರೋಗಾಣು ಮತ್ತೆ ರಕ್ತಕ್ಕೆ ಇಳಿಯದ ಹಾಗೆ. ಡಾ. ನವಾಝ್ ಎಕ್ಸ್‌ರೇ ಕಳಿಸಿ, ಫೋನ್ ಮಾಡಿ "ಅಂತೂ!" ಎಂದರು. ಕೆಲಸ ಹತ್ತು ನಿಮಿಷದ್ದು. ಹತ್ತು ನಿಮಿಷಕ್ಕೆ ಹೆದರಿ ಎರಡು ವರ್ಷ.

ಪಪ್ಪ ಹೊರಗೆ ಬೆಂಚಿನಲ್ಲಿ ಕೂತಿದ್ದರು. ನಾನು ಮಾತಾಡಲಿಲ್ಲ. ಬಾಯಲ್ಲಿ ಹತ್ತಿ ಇತ್ತು, ಒಳ್ಳೆಯ ನೆಪವಾಯಿತು.

ನವೆಂಬರ್ 5, ಬುಧವಾರ

ಗುಲಾಬಿ ಒಸಡಿನ ತಾತ್ಕಾಲಿಕ ಹಲ್ಲೊಂದು ಮಾಡಿಕೊಟ್ಟಿದ್ದಾರೆ. 'ಸ' ಎಂದರೆ ಸೀಟಿ ಬರುತ್ತದೆ. ಕನ್ನಡ ಟೀಚರಿಗೆ ಇದೊಂದು ಬಾಕಿ ಇತ್ತು.

ವಾಲ್ವ್ ಯಾವುದು ಬೇಕೆಂದು ನಾನೇ ಹೇಳಬೇಕಂತೆ. ಲೋಹದ್ದು ಜಾಸ್ತಿ ಬಾಳುತ್ತದೆ, ಆದರೆ ಜೀವನಪರ್ಯಂತ ರಕ್ತ ತೆಳುವಾಗಿಸುವ ಮಾತ್ರೆ, ಮುಂದೆ ಮಗು ಬೇಕಾದರೆ ತೊಂದರೆ. ಪ್ರಾಣಿಯ ಅಂಗಾಂಶದ್ದು ಹಾಕಿದರೆ ಹತ್ತು ಹದಿನೈದು ವರ್ಷಕ್ಕೆ ಮತ್ತೆ ಎದೆ ಕೊಯ್ಯಬೇಕು. ನನಗೆ ಎರಡೂ ಬೇಡ, ನನ್ನ ಹಳೆಯದೇ ಬೇಕು ಎಂದೆ. ಡಾಕ್ಟರು ನಗಲಿಲ್ಲ. ಮಮ್ಮಿ ಮೂಗು ಒರೆಸಿಕೊಂಡಳು. ಪ್ರಾಣಿಯದ್ದಕ್ಕೆ ಸಹಿ ಹಾಕಿದೆ.

ಆರು ತಿಂಗಳು ಟ್ರಂಪೆಟ್ ಮುಟ್ಟಬಾರದು. ಆಮೇಲೆ? "ಆಮೇಲೆ ನೋಡುವ" ಎಂದರು. ಎಲ್ಲರಿಗೂ ನೋಡುವುದೇ ಕೆಲಸ.

ಮನೆಗೆ ಬಂದಾಗ ಪಪ್ಪ ಆದಿತ್ಯವಾರದ ಪಾರ್ಟ್ ಬರೆಯುತ್ತಿದ್ದರು. ಒಂದು ಹಾಳೆಯ ಮೇಲೆ ಶಾಯಿ ಚೆಲ್ಲಿತು. ನನ್ನದು ಬಿಟ್ಟು ಹತ್ತು ಹಾಳೆ ಇತ್ತು. ನಾನು ಪೆನ್ನು ತೆಗೆದುಕೊಂಡು ಗೇವಿನ್‌ನ ಪಾರ್ಟ್ ಬರೆದುಕೊಟ್ಟೆ. ಫಸ್ಟ್ ಟ್ರಂಪೆಟಿನ ಎಂಟು ಬಾರ್ ಅವನಿಗೇ ಬಿಟ್ಟೆ, ಉಸಿರು ಎಲ್ಲಿ ಎಳೆಯಬೇಕೆಂದು ಮೇಲೆ ಗುರುತು ಹಾಕಿದೆ. ದಡ್ಡನಿಗೆ ಅಷ್ಟಾದರೂ ಬೇಡವೇ.

ನವೆಂಬರ್ 14, ಶುಕ್ರವಾರ, ಬೆಳಿಗ್ಗೆ ಆರು ಗಂಟೆ

ಈಗ ಕರೆದುಕೊಂಡು ಹೋಗುತ್ತಾರೆ. ನರ್ಸ್ ಮೋಕ್ಷಾ ಹಾಳೆ ಹಿಡಿದುಕೊಂಡು ಬಂದಿದ್ದಳು. ಬಳೆ ಇಲ್ಲ, ಉಂಗುರ ಇಲ್ಲ, ನೀರು ಕುಡಿದಿಲ್ಲ.

"ತೆಗೆಯುವ ಹಲ್ಲು ಉಂಟಾ ಮೇಡಂ? ತೆಗೆದು ಮನೆಯವರ ಕೈಯಲ್ಲಿ ಕೊಡಿ."

ಮಮ್ಮಿ ಗೇವಿನ್‌ನ ಜೊತೆ ಕೆಳಗೆ ಔಷಧಿ ತರಲು ಹೋಗಿದ್ದಳು. ಇದ್ದದ್ದು ಪಪ್ಪ ಒಬ್ಬರೇ. ಮೂರು ವಾರದಿಂದ ನಾನು ಅವರ ಹತ್ತಿರ ತೀರಾ ಬೇಕಾದಷ್ಟೇ ಮಾತಾಡುತ್ತಿದ್ದೆ. ಹಲ್ಲು ತೆಗೆದು ಕೈ ಚಾಚಿದೆ. ಅವರು ಕರ್ಚೀಫ್ ಬಿಡಿಸಿ, ಎರಡೂ ಕೈಯಲ್ಲಿ, ಚರ್ಚಿನಲ್ಲಿ ಪರಮಪ್ರಸಾದ ತೆಗೆದುಕೊಳ್ಳುವವರ ಹಾಗೆ ತೆಗೆದುಕೊಂಡರು.

"ಪಪ್ಪ, ನನಗೆ ನಿಮ್ಮ ಹತ್ರ ತುಂಬಾ ಜಗಳ ಮಾಡ್ಲಿಕ್ಕೆ ಉಂಟು" ಎಂದೆ. ಸಂದಿಯಿಂದ ಗಾಳಿ ಹೋಗಿ ಮಾತು ಅರ್ಧ ಸೀಟಿಯಾಯಿತು. "ಅರ್ಧವೂ ಮುಗೀಲಿಲ್ಲ. ನಾನು ಬರುವವರೆಗೆ ಎಲ್ಲಿಗೂ ಹೋಗ್ಬೇಡಿ."

"ಇಲ್ಲೇ ಇರ್ತೇನೆ" ಎಂದರು. "ಬಂದು ಮಾಡು."

ಮೋಕ್ಷಾ ಪೆನ್ನು ಕೊಡಿ ಎನ್ನುತ್ತಿದ್ದಾಳೆ. ಪಪ್ಪನಿಗೆ ಒಂದು ಕುರ್ಚಿ ಹಾಕಲು ಹೇಳಬೇಕು, ಆಗಿನಿಂದ ನಿಂತೇ ಇದ್ದಾರೆ.